ಮೂರು ನಕ್ಷತ್ರದ ಕಟ್ಟಡ

ಕಳೆದ ವಾರ ಗೆಳೆಯನೊಬ್ಬ ಫೋನ್ ಮಾಡಿದ್ದ. ಮದುವೆಯಾಗಿ ಎರಡು ತಿಂಗಳಾಗಿದೆ, ಹೆಂಡತಿ ಜೊತೆ ಯೂರೋಪ್ ಸುತ್ತಬೇಕಂತೆ. "ಒಂಬತ್ತು ದಿನ ರಜೆ ಸಿಕ್ಕಿದೆ ಮಾರಾಯ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಸ್ವಿಟ್ಜರ್‌ಲ್ಯಾಂಡ್, ವೆನಿಸ್, ರೋಮ್. ಏನೇನು ಬಿಡಲೇಬಾರದು ಅಂತ ಒಂದು ಲಿಸ್ಟ್ ಮಾಡಿ ಕಳಿಸು" ಅಂದ. ಆಯ್ತು ಅಂದೆ. ಲಿಸ್ಟ್ ಹೇಗೂ ನನ್ನ ಹತ್ತಿರ ಇತ್ತಲ್ಲ!

ನಾನು ಪ್ರಾಜೆಕ್ಟ್ ಮೇಲೆ ನಾಲ್ಕು ತಿಂಗಳು ಹ್ಯಾಂಬರ್ಗ್‌ನಲ್ಲಿದ್ದಾಗ ಮಾಡಿಕೊಂಡ ಎಕ್ಸೆಲ್ ಶೀಟು ಅದು. ಊರು, ನೋಡಬೇಕಾದ ಜಾಗ, ಟಿಕೆಟ್ ದರ, ಬೇಕಾಗುವ ಸಮಯ, ಕೊನೆಯ ಕಾಲಮ್ಮಿನಲ್ಲಿ ಪ್ರಯಾರಿಟಿ. ಬಗ್‌ಗಳಿಗೆ ಕೊಡ್ತೀವಲ್ಲ, ಹಾಗೇ ಪಿ1, ಪಿ2, ಪಿ3. ಐಫೆಲ್ ಟವರ್ ಪಿ1. ಕೊಲೋನ್ ಚರ್ಚು ಪಿ1. ಹ್ಯಾಂಬರ್ಗ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಲ್ಯೂಬೆಕ್ ಎಂಬ ಊರು ಪಿ3, ಅಂದರೆ ಪುರುಸೊತ್ತಾದರೆ ನೋಡೋಣ :)

ಶೀಟನ್ನು ಮೇಲ್‌ಗೆ ಅಂಟಿಸಿ ಇನ್ನೇನು ಕಳಿಸಬೇಕು, ಆ ಪಿ3 ಮೇಲೆ ಕಣ್ಣು ಬಿತ್ತು. ಮೇಲ್ ಕಳಿಸಲಿಲ್ಲ. ಯಾಕೆ ಅಂತ ಅವನಿಗೆ ಫೋನಿನಲ್ಲಿ ಹೇಳೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದವಾಗುತ್ತೆ, ಒಂದು ಲೋಟ ಕಾಫಿ ಇಟ್ಟುಕೊಂಡು ಕೂತ್ಕೊಳ್ಳಿ.

ಆ ಪಿ3 ಊರಿಗೆ ನಾನು ಹೋಗಿದ್ದೂ ಬೇರೆ ಕೆಲಸವಿಲ್ಲದ ಒಂದು ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ರೂಮಿನಲ್ಲಿ ಕೂತು ಏನು ಮಾಡೋದು ಅಂತ ರೈಲು ಹತ್ತಿದೆ. ಲ್ಯೂಬೆಕ್‌ನ ಊರಬಾಗಿಲು ಹೋಲ್‌ಸ್ಟೆನ್‌ಟೋರ್ ಬಹಳ ಪ್ರಸಿದ್ಧ. ಎರಡು ದಪ್ಪ ಗೋಪುರ, ಇಟ್ಟಿಗೆಯ ಕಟ್ಟಡ, ಹಳೆಯ 50 ಮಾರ್ಕಿನ ನೋಟಿನ ಮೇಲೆ ಇತ್ತು, 2006ರಲ್ಲಿ ಎರಡು ಯೂರೋ ನಾಣ್ಯದ ಮೇಲೂ ಬಂತು. ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಂಡೆ. ಹತ್ತು ನಿಮಿಷ, ಕೆಲಸ ಮುಗಿಯಿತು. ಅಷ್ಟರಲ್ಲಿ ಮಳೆ. ಓಡಿ ಹೋಗಿ ಹೊಕ್ಕಿದ್ದು ಸೇಂಟ್ ಮೇರಿಯ ದೊಡ್ಡ ಚರ್ಚು, ಮಾರಿಯೆನ್‌ಕಿರ್ಖೆ.

ಒಳಗೆ ದಕ್ಷಿಣದ ಗೋಪುರದ ಕೆಳಗೆ ಕಬ್ಬಿಣದ ಸರಳುಗಳ ಆಚೆ ಏನೋ ಬಿದ್ದಿತ್ತು. ಹತ್ತಿರ ಹೋಗಿ ನೋಡಿದರೆ ಗಂಟೆಗಳು. ನಮ್ಮ ದೇವಸ್ಥಾನದ ಗಂಟೆಯಷ್ಟಲ್ಲ, ಮನುಷ್ಯರು ಒಳಗೆ ನಿಲ್ಲಬಹುದಾದಷ್ಟು ದೊಡ್ಡವು. ಒಡೆದು, ಸೊಟ್ಟಗಾಗಿ, ನೆಲದ ಕಲ್ಲುಗಳನ್ನು ಪುಡಿಮಾಡಿ ಅಲ್ಲೇ ಹೂತುಕೊಂಡಿವೆ. 1942ರ ಮಾರ್ಚ್ 28ರ ರಾತ್ರಿ ಗೋಪುರಕ್ಕೆ ಬೆಂಕಿ ಹತ್ತಿ ಮೇಲಿನಿಂದ ಬಿದ್ದವು. ಯುದ್ಧ ಮುಗಿದ ಮೇಲೆ ಚರ್ಚನ್ನು ಪೂರ್ತಿ ರಿಪೇರಿ ಮಾಡಿದರೂ ಇವನ್ನು ಮಾತ್ರ ಬಿದ್ದ ಜಾಗದಲ್ಲೇ ಹಾಗೇ ಬಿಟ್ಟಿದ್ದಾರೆ. ಅಲ್ಲಿಂದ ಕದಲಲು ನನಗೆ ಮನಸ್ಸಾಗಲಿಲ್ಲ. ಮಳೆ ನಿಂತ ಮೇಲೂ ಎಷ್ಟೋ ಹೊತ್ತು ಅಲ್ಲೇ ಇದ್ದೆ.

ವಾಪಸ್ ಬಂದು ಈ ಊರಿಗೆ ಬಾಂಬು ಯಾಕೆ ಬಿತ್ತು ಅಂತ ಓದಲು ಶುರು ಮಾಡಿದೆ. ಓದು ಎಳೆದುಕೊಂಡು ಹೋಗಿದ್ದು ನಾನು ಊಹಿಸಿರದ ಕಡೆಗೆ, ಟೂರಿಸ್ಟ್ ಗೈಡ್ ಪುಸ್ತಕಗಳ ಚರಿತ್ರೆಗೆ! ಸುಮಾರು ಎಂಟುನೂರೈವತ್ತು ವರ್ಷ ಹಿಂದಿನಿಂದ ಶುರು ಮಾಡೋಣ.

ನದಿ ನೀರು ಕುಡಿಯಬೇಡಿ, ಅಂಬಿಗರನ್ನು ನಂಬಬೇಡಿ

ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ ಸಾಂತಿಯಾಗೊ ದೆ ಕಾಂಪೊಸ್ತೆಲಾ ಎಂಬ ಯಾತ್ರಾಸ್ಥಳವಿದೆ. ಏಸುವಿನ ಶಿಷ್ಯ ಯಾಕೋಬನ ಸಮಾಧಿ ಅಲ್ಲಿದೆ ಅಂತ ನಂಬಿಕೆ. ನಮ್ಮವರು ಕಾಶಿಗೆ ನಡೆದ ಹಾಗೆ ಫ್ರಾನ್ಸಿನಿಂದೆಲ್ಲ ಜನ ಅಲ್ಲಿಗೆ ನಡೆದು ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. 12ನೇ ಶತಮಾನದಲ್ಲಿ ಇವರಿಗಾಗಿ ಬರೆದ ಲ್ಯಾಟಿನ್ ಕೈಪಿಡಿಯೊಂದು ಕೋಡೆಕ್ಸ್ ಕ್ಯಾಲಿಕ್ಸ್ಟಿನಸ್ ಎಂಬ ದೊಡ್ಡ ಹಸ್ತಪ್ರತಿಯ ಐದನೇ ಭಾಗವಾಗಿ ಉಳಿದಿದೆ. ಬರೆದವನು ಫ್ರಾನ್ಸಿನ ಪ್ವಾಟೂ ಸೀಮೆಯವನು ಅಂತ ವಿದ್ವಾಂಸರ ಊಹೆ. ಊಹೆಗೆ ಕಾರಣವೂ ತಮಾಷೆಯಾಗಿದೆ, ದಾರಿಯುದ್ದಕ್ಕೂ ಸಿಗುವ ಜನರಲ್ಲಿ ಪ್ವಾಟೂ ಕಡೆಯವರನ್ನು ಮಾತ್ರ ಬಾಯ್ತುಂಬ ಹೊಗಳಿದ್ದಾನೆ :)

ಪುಸ್ತಕ ಪಕ್ಕಾ ಪ್ರಾಕ್ಟಿಕಲ್. ಯಾವ ಊರಿಂದ ಯಾವ ಊರಿಗೆ ಎಷ್ಟು ದಿನದ ದಾರಿ, ಯಾವ ನದಿಯ ನೀರು ಕುಡಿಯಬಹುದು, ಯಾವುದು ವಿಷ, ಎಲ್ಲಾ ಇದೆ. ಒಂದು ಹೊಳೆಯ ದಡದಲ್ಲಿ ಇಬ್ಬರು ನವಾರ್ರೆ ಸೀಮೆಯವರು ಚಾಕು ಮಸೆಯುತ್ತ ಕೂತಿದ್ದರಂತೆ. ಈ ನೀರು ಕುಡಿಯಬಹುದಾ ಅಂತ ಕೇಳಿದರೆ ಧಾರಾಳವಾಗಿ ಅಂದರಂತೆ. ನೀರು ಕುಡಿದ ಕುದುರೆ ಸತ್ತು ಬಿದ್ದಿದ್ದೇ ತಡ, ಇವರು ಎದ್ದು ಬಂದು ಅದರ ಚರ್ಮ ಸುಲಿಯಲು ಶುರು! ಇನ್ನೊಂದು ಕಡೆ ಅಂಬಿಗರು ಸಣ್ಣ ದೋಣಿಗೆ ಜಾಸ್ತಿ ಜನ ತುಂಬಿಸುತ್ತಾರೆ, ಹುಷಾರು ಅಂತ ಎಚ್ಚರಿಕೆ. ಸುಂಕದವರ ಬಗ್ಗೆಯಂತೂ ಶಾಪವನ್ನೇ ಹಾಕಿದ್ದಾನೆ.

ಇಷ್ಟೇ ಆಗಿದ್ದರೆ ಒಳ್ಳೆಯ ಸಲಹೆ ಅಂತ ಸುಮ್ಮನಿರಬಹುದಿತ್ತು. ಆದರೆ ಅದರಲ್ಲಿ ಇನ್ನೊಂದು ಅಧ್ಯಾಯವಿದೆ, ದಾರಿಯಲ್ಲಿ ಯಾವ ಯಾವ ಸಂತರ ಸಮಾಧಿಗಳನ್ನು ನೋಡಲೇಬೇಕು ಅಂತ. "ಬಿಡಲೇಬಾರದ ಜಾಗಗಳು" ಎಂಬ ಲಿಸ್ಟ್‌ಗೆ ಅಷ್ಟು ವಯಸ್ಸಾಗಿದೆ. ಗೆಳೆಯ ಕೇಳಿದ್ದೂ ಇದನ್ನೇ ತಾನೇ?

ಅಂದ ಹಾಗೆ, ಈ ಹಸ್ತಪ್ರತಿ 2011ರಲ್ಲಿ ಸಾಂತಿಯಾಗೊ ಕೆಥೆಡ್ರಲ್‌ನಿಂದಲೇ ಕಳುವಾಯಿತು. ಒಂದು ವರ್ಷದ ನಂತರ ಸಿಕ್ಕಿದ್ದು ಅಲ್ಲೇ ಮೊದಲು ಕೆಲಸ ಮಾಡುತ್ತಿದ್ದ ಎಲೆಕ್ಟ್ರೀಷಿಯನ್ ಒಬ್ಬನ ಗ್ಯಾರೇಜಿನಲ್ಲಿ. ದಾರಿಯ ಕಳ್ಳರ ಬಗ್ಗೆ ಎಚ್ಚರಿಸಿದ ಪುಸ್ತಕಕ್ಕೇ ಈ ಗತಿ!

ಆಶ್ಚರ್ಯಸೂಚಕ ಚಿಹ್ನೆಯ ಅಜ್ಜಿ

ಅಲ್ಲಿಂದ ಒಂದೇ ನೆಗೆತಕ್ಕೆ 1800ಕ್ಕೆ ಬನ್ನಿ. ನಡುವಿನ ಕಾಲದಲ್ಲಿ ಇಂಗ್ಲೆಂಡಿನ ಸಿರಿವಂತರ ಮಕ್ಕಳು ಗುರುಗಳನ್ನೂ ಆಳುಗಳನ್ನೂ ಕರೆದುಕೊಂಡು ವರ್ಷಗಟ್ಟಲೆ ಇಟಲಿ ಸುತ್ತುತ್ತಿದ್ದರು. ಅವರಿಗೆ ಗೈಡ್ ಪುಸ್ತಕ ಬೇಕಿರಲಿಲ್ಲ, ಗೈಡ್ ಪಕ್ಕದಲ್ಲೇ ಇರುತ್ತಿದ್ದ. ಪುಸ್ತಕ ಬೇಕಾಗಿದ್ದು ಸಾಧಾರಣ ಸಂಸಾರದವರು ಹೊರಟಾಗ.

ಅದನ್ನು ಬರೆದುಕೊಟ್ಟವರಲ್ಲಿ ಮುಖ್ಯಳಾದವಳು ಮರಿಯಾನಾ ಸ್ಟಾರ್ಕ್ ಎಂಬ ಹೆಂಗಸು. ಇವಳಿಗೂ ನಮ್ಮ ದೇಶಕ್ಕೂ ನಂಟಿದೆ. ಇವಳ ತಂದೆ ಮದ್ರಾಸ್ ಕಡೆ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದವನು, ಇವಳು 1788ರಲ್ಲಿ ಬರೆದ ನಾಟಕವೊಂದರ ಕಥೆ ನಡೆಯುವುದೂ ಇಂಡಿಯಾದಲ್ಲೇ. ಕಾಯಿಲೆ ಬಿದ್ದ ನೆಂಟರ ಆರೈಕೆಗೆ ಅಂತ ಇಟಲಿಗೆ ಹೋಗಿ ಹಲವು ವರ್ಷ ಅಲ್ಲೇ ಉಳಿದಳು. ನೆಪೋಲಿಯನ್ನನ ಸೈನ್ಯ ಇಟಲಿಗೆ ನುಗ್ಗಿದ್ದೂ ಅದೇ ವರ್ಷಗಳಲ್ಲಿ.

ಈಕೆಯ ಪುಸ್ತಕದಲ್ಲಿ ಕವಿತೆಯಂಥ ವರ್ಣನೆ ಕಡಿಮೆ, ಲೆಕ್ಕ ಜಾಸ್ತಿ. ಬಟ್ಟೆ ಒಗೆಯಲು ಎಷ್ಟು, ಗಾಡಿಗೆ ಎಷ್ಟು, ಪಾಸ್‌ಪೋರ್ಟ್ ಎಲ್ಲಿ ತೋರಿಸಬೇಕು, ಯಾವ ಊರಿನ ಹವೆ ಕಾಯಿಲೆಯವರಿಗೆ ಒಳ್ಳೆಯದು, ಇಂಥವು. ಜೊತೆಗೆ ಒಯ್ಯಬೇಕಾದ ಸಾಮಾನಿನ ಪಟ್ಟಿಯಲ್ಲಿ ಹೊದಿಕೆ, ದಿಂಬು, ಚಾ ಪುಡಿ, ಔಷಧಿ, ಪಿಸ್ತೂಲು! ನಾನು ಹೊರಟಾಗ ಅಮ್ಮ ಚಟ್ನಿಪುಡಿ, ಹುಳಿಯನ್ನದ ಗೊಜ್ಜು, ಅಮೃತಾಂಜನ ತುಂಬಿದ್ದು ನೆನಪಾಯಿತು. ಪಿಸ್ತೂಲು ಒಂದು ಇರಲಿಲ್ಲ ಅಷ್ಟೆ.

ಈಕೆಯೇ ಇನ್ನೊಂದು ಉಪಾಯ ಕಂಡುಹಿಡಿದಳು. ಚಿತ್ರಗಳ, ಶಿಲ್ಪಗಳ ಹೆಸರಿನ ಮುಂದೆ ಆಶ್ಚರ್ಯಸೂಚಕ ಚಿಹ್ನೆ. ಚೆನ್ನಾಗಿದ್ದರೆ ಒಂದು, ಇನ್ನೂ ಚೆನ್ನಾಗಿದ್ದರೆ ಎರಡು, ಮೂರು... ನೋಡಲು ಸಮಯವಿಲ್ಲದವನು ಚಿಹ್ನೆ ಎಣಿಸಿಕೊಂಡು ಹೋಗಬಹುದು. ಇವತ್ತು ಫೋನಿನಲ್ಲಿ 4.6 ನಕ್ಷತ್ರದ ಹೋಟೆಲ್ ಹುಡುಕುವ ನಾವೆಲ್ಲ ಈ ಅಜ್ಜಿಯ ಮೊಮ್ಮಕ್ಕಳೇ.

ಜೇಬಿನಲ್ಲಿ ಬಟಾಣಿ ಇಟ್ಟುಕೊಂಡವನು

ಸ್ಟಾರ್ಕ್ ಪುಸ್ತಕಗಳನ್ನು ಪ್ರಕಟಿಸುತ್ತಿದ್ದ ಲಂಡನ್ನಿನ ಜಾನ್ ಮರ್ರೆಯ ಮನೆಯಿಂದ 1836ರಲ್ಲಿ ಮಗ ಜಾನ್ ಮರ್ರೆ ತಾನೇ ಸುತ್ತಾಡಿ ಬರೆದ ಕೈಪಿಡಿ ಬಂತು. ಕೆಂಪು ರಟ್ಟು, ಕೈಯಲ್ಲಿ ಹಿಡಿಯುವ ಅಳತೆ. 1859ರಲ್ಲಿ ಆ ಮಾಲೆಯ ಇಂಡಿಯಾ ಪುಸ್ತಕವೂ ಬಂತು, ಮದ್ರಾಸಿಗೆ ಒಂದು ಭಾಗ, ಬೊಂಬಾಯಿಗೆ ಒಂದು ಭಾಗ. ಆದರೆ ಜಗತ್ತಿನ ಬಾಯಲ್ಲಿ ಉಳಿದ ಹೆಸರು ಮರ್ರೆಯದ್ದಲ್ಲ, ಕಾರ್ಲ್ ಬೇಡೆಕರ್‌ನದ್ದು.

ಬೇಡೆಕರ್ ಜರ್ಮನಿಯವನು, 1801ರಲ್ಲಿ ಎಸ್ಸೆನ್ ಊರಿನಲ್ಲಿ ಹುಟ್ಟಿದವನು. ರೈನ್ ನದಿ ದಡದ ಕೋಬ್ಲೆನ್ಸ್‌ನಲ್ಲಿ 1827ರಲ್ಲಿ ಪುಸ್ತಕದ ಅಂಗಡಿ ಇಟ್ಟ. 1832ರಲ್ಲಿ ದಿವಾಳಿಯಾದ ಇನ್ನೊಬ್ಬ ಪ್ರಕಾಶಕನ ವ್ಯಾಪಾರ ಕೊಂಡಾಗ ಅದರ ಜೊತೆ ರೈನ್ ಪ್ರಯಾಣದ ಕುರಿತ ಪುಸ್ತಕವೊಂದೂ ಬಂತು. ಅದನ್ನು ತಿದ್ದುತ್ತಾ ತಿದ್ದುತ್ತಾ ಹೊಸ ಮಾದರಿಯನ್ನೇ ಮಾಡಿಬಿಟ್ಟ. ನದಿಯಲ್ಲಿ ಸ್ಟೀಮರ್‌ಗಳು ಬಂದಿದ್ದವು, ರೈಲು ಬರುತ್ತಿತ್ತು, ಜನ ಹೊರಟಿದ್ದರು. ಇವನ ಗುರಿ ಒಂದೇ, ಪುಸ್ತಕ ಹಿಡಿದವನು ಯಾವ ಬಾಡಿಗೆ ಗೈಡಿನ, ಹೋಟೆಲ್ ಮಾಣಿಯ, ಗಾಡಿಯವನ ಹಂಗಿನಲ್ಲೂ ಇರಬಾರದು.

ಇವನ ನಿಖರತೆಯ ಬಗ್ಗೆ ಒಂದು ಕಥೆ ಹೇಳುತ್ತಾರೆ. 1847ರಲ್ಲಿ ಮಿಲಾನಿನ ದೊಡ್ಡ ಚರ್ಚಿನ ಮೆಟ್ಟಿಲು ಹತ್ತುತ್ತಿದ್ದವರೊಬ್ಬರಿಗೆ ಮುಂದೆ ಹತ್ತುತ್ತಿದ್ದ ಮನುಷ್ಯ ಆಗಾಗ ನಿಂತು ಕೋಟಿನ ಜೇಬಿನಿಂದ ಏನೋ ತೆಗೆದು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳುವುದು ಕಾಣಿಸಿತಂತೆ. ಅದು ಬಟಾಣಿ ಕಾಳು. ಇಪ್ಪತ್ತು ಮೆಟ್ಟಿಲಿಗೆ ಒಂದು ಕಾಳು! ಮೇಲೆ ಹೋಗಿ ಕಾಳು ಎಣಿಸಿ ಇಪ್ಪತ್ತರಿಂದ ಗುಣಿಸಿದರೆ ಮೆಟ್ಟಿಲ ಲೆಕ್ಕ. ಇಳಿಯುವಾಗ ಮತ್ತೆ ಎಣಿಸಿ ತಾಳೆ ನೋಡುತ್ತಿದ್ದನಂತೆ. ಅಂದರೆ ಯೂನಿಟ್ ಟೆಸ್ಟಿಂಗ್ :) ನನಗಂತೂ ಈ ಮನುಷ್ಯನ ಮೇಲೆ ವಿಪರೀತ ಪ್ರೀತಿ ಬಂತು.

1840ರ ದಶಕದಲ್ಲಿ ಬೇಡೆಕರ್ ಪುಟಗಳಲ್ಲಿ ನಕ್ಷತ್ರ ಕಾಣಿಸಿಕೊಂಡಿತು. ಮುಖ್ಯವಾದದ್ದಕ್ಕೆ ಒಂದು ನಕ್ಷತ್ರ, ಮುಂದೆ ಅತಿ ಮುಖ್ಯವಾದದ್ದಕ್ಕೆ ಎರಡು. ಎರಡೇ, ಮೂರಿಲ್ಲ. ಇದು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಮಕ್ಕಳ ಕಾಲದಲ್ಲಿ ಕಂಪನಿ ಲೈಪ್‌ಜಿಗ್ ನಗರಕ್ಕೆ ಹೋಯಿತು. ಜರ್ಮನ್ನಿನಲ್ಲಿ, ಫ್ರೆಂಚ್‌ನಲ್ಲಿ, 1861ರಿಂದ ಇಂಗ್ಲಿಷ್‌ನಲ್ಲೂ ಪುಸ್ತಕಗಳು ಬಂದವು. ಮರ್ರೆಯ ಕೆಂಪು ರಟ್ಟನ್ನೂ ಇವರೇ ತಮ್ಮದಾಗಿಸಿಕೊಂಡರು. 1914ರಲ್ಲಿ ಇಂಡಿಯಾದ ಬಗ್ಗೆಯೂ ಜರ್ಮನ್‌ನಲ್ಲಿ ಒಂದು ಬೇಡೆಕರ್ ಬಂತು. ಆ ವರ್ಷವೇ ಮಹಾಯುದ್ಧ ಶುರುವಾಯಿತು, ಯಾರು ಅದನ್ನು ಹಿಡಿದು ಇಲ್ಲಿಗೆ ಬಂದಾರು ಪಾಪ!

"ಬೇಡೆಕರ್" ಅನ್ನುವುದು ಮನುಷ್ಯನ ಹೆಸರು ಹೋಗಿ ವಸ್ತುವಿನ ಹೆಸರಾಯಿತು, ನಾವು ಝೆರಾಕ್ಸ್ ಅಂದ ಹಾಗೆ. ಇಂಗ್ಲಿಷಿನವರು ಜರ್ಮನ್ನರ ಪುಸ್ತಕ ಹಿಡಿದು ತಮ್ಮದೇ ದೇಶ ಸುತ್ತಿದರು. ಎರಡೂ ದೇಶದವರು ಒಂದೇ ಕೆಂಪು ಪುಸ್ತಕ ಓದಿ ಒಂದೇ ಕಟ್ಟಡದ ಮುಂದೆ ನಿಂತು ತಲೆಯೆತ್ತಿ ನೋಡಿದರು.

1942

ಈಗ ಲ್ಯೂಬೆಕ್‌ಗೆ ವಾಪಸ್ ಹೋಗೋಣ.

ವಾರ್ಸಾ, ರಾಟರ್‌ಡ್ಯಾಮ್, ಲಂಡನ್, 1940ರ ನವೆಂಬರ್ 14ರಂದು ಕೊವೆಂಟ್ರಿ. ಊರುಗಳ ಮೇಲೆ ಬಾಂಬು ಸುರಿಯುವುದನ್ನು ಈ ಯುದ್ಧದಲ್ಲಿ ನಾಜಿ ಜರ್ಮನಿ ಮೊದಲೇ ಮಾಡಿತ್ತು. 1942ರ ಫೆಬ್ರವರಿಯಲ್ಲಿ ಬ್ರಿಟಿಷ್ ಬಾಂಬರ್ ಪಡೆಗೆ ಆರ್ಥರ್ ಹ್ಯಾರಿಸ್ ಮುಖ್ಯಸ್ಥನಾದ. ಅವನು ಆರಿಸಿಕೊಂಡದ್ದು ಲ್ಯೂಬೆಕ್. ಅದು ಅತಿ ದೊಡ್ಡ ಸೈನಿಕ ಗುರಿ ಅಂತಲ್ಲ. ಹಳೆಯ ಊರು, ಇಕ್ಕಟ್ಟಾದ ಓಣಿಗಳು, ಮರದ ತೊಲೆ ಜಂತೆಗಳ ಮನೆಗಳು, ಕಾವಲು ಕಡಿಮೆ. ಅಂದರೆ ಚೆನ್ನಾಗಿ ಉರಿಯುತ್ತೆ. ಇದನ್ನು ಹ್ಯಾರಿಸ್ ಆಮೇಲೆ ಮುಚ್ಚಿಡಲೂ ಇಲ್ಲ. 234 ವಿಮಾನಗಳು ಹೋದವು. ಮುನ್ನೂರಕ್ಕೂ ಹೆಚ್ಚು ಜನ ಸತ್ತರು.

ಆ ಚರ್ಚಿಗೆ ಇನ್ನೊಂದು ಕಥೆಯಿದೆ. 1705ರಲ್ಲಿ ಇಪ್ಪತ್ತು ವರ್ಷದ ಸೆಬಾಸ್ಟಿಯನ್ ಬಾಖ್ ಅಲ್ಲಿನ ಆರ್ಗನ್ ವಾದಕ ಬುಕ್ಸ್‌ಟೆಹೂಡೆಯನ್ನು ಕೇಳಲು ಆರ್ನ್‌ಸ್ಟಾಟ್ ಊರಿನಿಂದ ಸುಮಾರು 400 ಕಿಲೋಮೀಟರ್ ನಡೆದುಕೊಂಡು ಹೋಗಿದ್ದ. ಸಿಕ್ಕಿದ್ದ ರಜೆ ನಾಲ್ಕು ವಾರ, ವಾಪಸ್ ಬಂದಿದ್ದು ನಾಲ್ಕು ತಿಂಗಳಿಗೆ! ಕೆಲಸದಲ್ಲಿದ್ದ ಚರ್ಚಿನವರು ಕರೆದು ವಿಚಾರಣೆ ಮಾಡಿದರು. ನಮ್ಮ ಮ್ಯಾನೇಜರುಗಳೇ ವಾಸಿ :) ಆ ಕಾಲದ ಆರ್ಗನ್ ಒಂದು ಅಲ್ಲಿ ಉಳಿದಿತ್ತು. ಅದೂ ಆ ರಾತ್ರಿ ಸುಟ್ಟು ಹೋಯಿತು.

ಹಿಟ್ಲರ್ ಸೇಡಿಗೆ ಆಜ್ಞೆ ಮಾಡಿದ. ಏಪ್ರಿಲ್ 23ರ ರಾತ್ರಿ ಎಕ್ಸೆಟರ್ ಮೇಲೆ ಬಾಂಬು ಬಿತ್ತು. ಮರುದಿನ ಜರ್ಮನ್ ವಿದೇಶಾಂಗ ಇಲಾಖೆಯ ವಕ್ತಾರ ಬ್ರಾನ್ ಫಾನ್ ಸ್ಟುಮ್ ಪತ್ರಕರ್ತರ ಮುಂದೆ ಒಂದು ಮಾತಾಡಿದ. ಬೇಡೆಕರ್ ಪುಸ್ತಕದಲ್ಲಿ ಮೂರು ನಕ್ಷತ್ರ ಸಿಕ್ಕಿದ ಬ್ರಿಟನ್ನಿನ ಪ್ರತಿಯೊಂದು ಕಟ್ಟಡಕ್ಕೂ ಬಾಂಬು ಹಾಕುತ್ತೇವೆ ಅನ್ನುವ ಅರ್ಥದ ಮಾತು.

ಮೂರು ನಕ್ಷತ್ರ! ಬೇಡೆಕರ್‌ನಲ್ಲಿ ಇದ್ದದ್ದೇ ಎರಡು. ಆ ಮನುಷ್ಯ ಪುಸ್ತಕವನ್ನು ಸರಿಯಾಗಿ ತೆರೆದು ನೋಡಿಯೂ ಇರಲಿಲ್ಲವೇನೋ.

ಗೋಬೆಲ್ಸ್‌ಗೆ ಈ ಮಾತು ಕೇಳಿ ಸಿಟ್ಟು ಬಂತು. ಪಾಪಪ್ರಜ್ಞೆಯಿಂದಲ್ಲ, ಹಳೆಯ ಕಲೆಯನ್ನು ನಾಶ ಮಾಡುತ್ತೇವೆ ಅಂತ ಜಂಬ ಕೊಚ್ಚಿದರೆ ಜಗತ್ತು ನಮ್ಮನ್ನೇ ಬರ್ಬರರು ಅನ್ನುತ್ತದಲ್ಲ ಎಂಬ ಲೆಕ್ಕಾಚಾರದಿಂದ. ಆದರೆ ಮಾತು ಬಿದ್ದು ಹೋಗಿತ್ತು. ಬ್ರಿಟಿಷರು ಆ ದಾಳಿಗಳಿಗೆ "ಬೇಡೆಕರ್ ದಾಳಿ" ಅಂತಲೇ ಹೆಸರಿಟ್ಟರು. ಬಾತ್ ನಗರದಲ್ಲಿ ನಾನೂರಕ್ಕೂ ಹೆಚ್ಚು ಜನ ಸತ್ತರು, ಅಲ್ಲಿನ 18ನೇ ಶತಮಾನದ ಅಸೆಂಬ್ಲಿ ರೂಮ್ಸ್ ಸುಟ್ಟಿತು. ಆಮೇಲೆ ನಾರಿಚ್. ಯಾರ್ಕ್‌ನಲ್ಲಿ 15ನೇ ಶತಮಾನದ ಗಿಲ್ಡ್‌ಹಾಲ್ ಉರಿದು ಹೋಯಿತು. ಕೊಲೋನ್ ಮೇಲೆ ಬ್ರಿಟಿಷರು ಸಾವಿರ ವಿಮಾನ ಕಳಿಸಿದ ಮರುರಾತ್ರಿ ಕ್ಯಾಂಟರ್‌ಬರಿ. ಅಲ್ಲಿ ಕೆಥೆಡ್ರಲ್ ಉಳಿದದ್ದಕ್ಕೆ ಮಾಡಿನ ಮೇಲೆ ಹತ್ತಿ ಬೆಂಕಿ ಬಾಂಬುಗಳನ್ನು ಕೆಳಗೆ ತಳ್ಳಿದ ಕಾವಲಿನವರ ಧೈರ್ಯವೂ ಒಂದು ಕಾರಣ. ಅದರ ಗ್ರಂಥಾಲಯ ಹೋಯಿತು. ಒಟ್ಟು ಈ ದಾಳಿಗಳಲ್ಲಿ ಸತ್ತ ನಾಗರಿಕರು 1600ಕ್ಕೂ ಹೆಚ್ಚು.

ಪೈಲಟ್‌ಗಳು ಕೆಂಪು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಹಾರಿದರು ಅಂತೇನೂ ಅಲ್ಲ. ಯಾವ ಊರು ಅಂತ ತೀರ್ಮಾನಿಸಲು ಮಿಲಿಟರಿಯವರಿಗೆ ಬೇರೆ ಲೆಕ್ಕಗಳಿದ್ದವು, ಕಾವಲು ಕಡಿಮೆ ಇದೆಯಾ, ಸಮುದ್ರಕ್ಕೆ ಹತ್ತಿರವಾ ಇತ್ಯಾದಿ. ಆದರೂ ಯೋಚನೆ ಮಾಡಿ. ನೂರು ವರ್ಷ ಜನ ಯಾವ ಗುರುತನ್ನು "ಇದನ್ನು ನೋಡದೆ ಹೋಗಬೇಡಿ" ಅಂತ ಓದಿದ್ದರೋ ಅದೇ ಗುರುತನ್ನು ಒಬ್ಬ ಅಧಿಕಾರಿ "ಇದನ್ನು ಉಳಿಸಬೇಡಿ" ಅಂತ ಓದಿದ. ಪುಸ್ತಕದಲ್ಲಿ ಒಂದಕ್ಷರ ಬದಲಾಗಿರಲಿಲ್ಲ.

ಆ ತಿಂಗಳಲ್ಲೇ ಲ್ಯೂಬೆಕ್‌ನಲ್ಲಿ ಹುಟ್ಟಿದ ಕಾದಂಬರಿಕಾರ ಥಾಮಸ್ ಮನ್ ಅಮೆರಿಕದಲ್ಲಿ ದೇಶಭ್ರಷ್ಟನಾಗಿದ್ದುಕೊಂಡು ಬಿಬಿಸಿ ಮೂಲಕ ಜರ್ಮನ್ನರಿಗೆ ಮಾತಾಡುತ್ತಿದ್ದ. ತನ್ನ ಹುಟ್ಟೂರು ಸುಟ್ಟಿದ್ದಕ್ಕೆ ಅವನು ಹೇಳಿದ್ದರ ಸಾರ, ನನಗೆ ಕೊವೆಂಟ್ರಿ ನೆನಪಿದೆ, ಎಲ್ಲದಕ್ಕೂ ಬೆಲೆ ತೆರಬೇಕು ಎಂಬುದಕ್ಕೆ ನನ್ನ ತಕರಾರಿಲ್ಲ. ಇದನ್ನು ಓದಿ ಎರಡು ದಿನ ತಲೆ ಕೆಟ್ಟಿತ್ತು. ನಮ್ಮೂರಿನ ತೇರು, ದೇವಸ್ಥಾನ, ಅಜ್ಜನ ಮನೆ ಸುಟ್ಟುಹೋದರೆ ನನ್ನಿಂದ ಹಾಗೆ ಹೇಳಲಾಗುತ್ತಿತ್ತಾ? ಅವನು ಹೇಳಿದ್ದು ಸರಿಯೋ ತಪ್ಪೋ ತೀರ್ಮಾನಿಸಲು ನಾನ್ಯಾರು. ಆದರೆ ಆ ಗಂಟೆಗಳ ಮುಂದೆ ನಿಂತವರು ಕೊವೆಂಟ್ರಿಯನ್ನೂ ನೆನೆಯಬೇಕು ಅನ್ನುವುದಂತೂ ನನಗೆ ಮನವರಿಕೆಯಾಯಿತು.

ಕೊನೆಗೆ ಲೈಪ್‌ಜಿಗ್. 1943ರ ಡಿಸೆಂಬರ್ 4ರ ಬೆಳಗಿನ ಜಾವ ಬ್ರಿಟಿಷ್ ಬಾಂಬರುಗಳು ಆ ನಗರವನ್ನು ಸುಟ್ಟವು. ಬೇಡೆಕರ್ ಕಂಪನಿಯ ಕಟ್ಟಡವೂ ಅದರ ಕಾಗದಪತ್ರಗಳ ಭಂಡಾರವೂ ಬೂದಿಯಾದವು. ಯುದ್ಧ ಮುಗಿದ ಮೇಲೆ 1948ರಲ್ಲಿ ಮೊದಲು ಹೊರಬಂದ ಬೇಡೆಕರ್ ಪುಸ್ತಕ ಅದೇ ಲೈಪ್‌ಜಿಗ್ ನಗರದ ಬಗ್ಗೆ.

ಅದೇ ಯುದ್ಧದ ಇನ್ನೊಂದು ಪುಸ್ತಕ

ಬರೀ ದುಃಖದ ಕಥೆ ಹೇಳಿದೆ ಅಂದುಕೊಳ್ಳಬೇಡಿ. ಫ್ರಾನ್ಸಿನ ಟೈರ್ ಕಂಪನಿಯ ಅಣ್ಣತಮ್ಮ ಮಿಷೆಲಿನ್‌ರು 1900ರಲ್ಲಿ ಕಾರಿನವರಿಗಾಗಿ ಒಂದು ಕೆಂಪು ಪುಸ್ತಕ ಪುಕ್ಕಟೆ ಹಂಚಿದ್ದರು. ಜನ ಹೆಚ್ಚು ತಿರುಗಿದರೆ ಟೈರು ಹೆಚ್ಚು ಸವೆಯುತ್ತದಲ್ಲ, ಅದು ತಂತ್ರ! 1926ರಿಂದ ಅವರು ಹೋಟೆಲ್ ಊಟಕ್ಕೆ ನಕ್ಷತ್ರ ಕೊಡತೊಡಗಿದರು. ಊರುಗಳ ವಿವರವಾದ ನಕ್ಷೆಗಳೂ ಅದರಲ್ಲಿದ್ದವು. 1944ರಲ್ಲಿ ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿಯುವ ಹೊತ್ತಿಗೆ 1939ರ ಮಿಷೆಲಿನ್ ಪುಸ್ತಕವನ್ನು ವಾಷಿಂಗ್ಟನ್ನಿನಲ್ಲಿ ಮರುಮುದ್ರಿಸಿ ಸೇನಾಧಿಕಾರಿಗಳಿಗೆ ಹಂಚಿದರು. ಅಪರಿಚಿತ ಊರಿನ ಬೀದಿಗಳಲ್ಲಿ ದಾರಿ ಹುಡುಕಲು ಅದಕ್ಕಿಂತ ಒಳ್ಳೆಯ ಪುಸ್ತಕ ಇರಲಿಲ್ಲ. ಎಲ್ಲಿ ಊಟ ಚೆನ್ನಾಗಿದೆ ಅಂತ ಹೇಳುತ್ತಿದ್ದ ಪುಸ್ತಕ ಫ್ರಾನ್ಸಿನ ಬಿಡುಗಡೆಗೆ ದಾರಿ ತೋರಿಸಿತು!

ಯುದ್ಧವಾದ ಮೇಲೆ ಜರ್ಮನಿಯಲ್ಲಿ ಕೆಲಸಕ್ಕಿದ್ದ ಆರ್ಥರ್ ಫ್ರಾಮರ್ ಎಂಬ ಅಮೆರಿಕನ್ ಸೈನಿಕ 1955ರಲ್ಲಿ ತನ್ನ ಜೊತೆಗಾರ ಸೈನಿಕರಿಗಾಗಿ ಯೂರೋಪ್ ಪ್ರವಾಸದ ಕೈಪಿಡಿ ಬರೆದ. 1957ರಲ್ಲಿ ಅದನ್ನೇ ಎಲ್ಲರಿಗಾಗಿ ಬೆಳೆಸಿ, ದಿನಕ್ಕೆ 5 ಡಾಲರಿನಲ್ಲಿ ಯೂರೋಪ್ ನೋಡುವುದು ಹೇಗೆ ಅಂತ ತೋರಿಸಿಕೊಟ್ಟ. ಸೈನಿಕರಾಗಿ ಬಂದ ಕಡೆಗೇ ಜನ ಸೂಟ್‌ಕೇಸ್ ಹಿಡಿದು ಬಂದರು.

1954ರಲ್ಲಿ ಹೇಗ್ ನಗರದಲ್ಲಿ ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಯುದ್ಧ ಬಂದರೂ ಸ್ಮಾರಕಗಳಿಗೆ, ಗ್ರಂಥಾಲಯಗಳಿಗೆ, ಮ್ಯೂಸಿಯಂಗಳಿಗೆ ಏಟು ಹಾಕಬಾರದು ಅಂತ. ಅಂಥ ಕಟ್ಟಡಗಳಿಗೆ ಒಂದು ಗುರುತು ಹಾಕುತ್ತಾರೆ, ನೀಲಿ ಬಿಳಿಯ ಗುರಾಣಿ. ಯೂರೋಪಿನಲ್ಲಿ ಹಳೆಯ ಕಟ್ಟಡಗಳ ಬಾಗಿಲ ಹತ್ತಿರ ಅಂಗೈಯಗಲದ ಫಲಕ ನೋಡಿದ್ದೀರಾ? ಅದೇ ಇದು. ನಾನು ಎಷ್ಟೋ ಕಡೆ ನೋಡಿಯೂ ಇದೇನೋ ಎಲೆಕ್ಟ್ರಿಸಿಟಿಯವರ ಬೋರ್ಡು ಅಂದುಕೊಂಡಿದ್ದೆ. ಇದೂ ಒಂದು ಥರದ ನಕ್ಷತ್ರವೇ, ಬಾಂಬು ಹಿಡಿದು ಬರುವವನಿಗಾಗಿ ಹಾಕಿದ್ದು. ಎಲ್ಲ ಯುದ್ಧಗಳಲ್ಲೂ ಅದನ್ನು ಪಾಲಿಸಿದರಾ ಅಂದರೆ ಇಲ್ಲ. ಹಾಗಂತ ಗುರುತೇ ಬೇಡ ಅನ್ನಲೂ ಮನಸ್ಸಾಗುವುದಿಲ್ಲ.

ಗೆಳೆಯನಿಗೆ ಕಳಿಸಿದ ಸಲಹೆಗಳು

ನಕ್ಷತ್ರ ಈಗ ಪುಸ್ತಕ ಬಿಟ್ಟು ಫೋನಿಗೆ ಬಂದಿದೆ. ಬಾಂಬು ಬೇಕಿಲ್ಲ, ನಾವೆಲ್ಲ ಒಂದೇ ನಕ್ಷತ್ರದ ಹಿಂದೆ ಹೋದರೆ ಸಾಕು, ಊರು ತಾನಾಗಿ ಖಾಲಿಯಾಗುತ್ತೆ. 1951ರಲ್ಲಿ ವೆನಿಸ್‌ನ ಹಳೆಯ ದ್ವೀಪನಗರದಲ್ಲಿ ಸುಮಾರು 1,75,000 ಜನ ವಾಸವಿದ್ದರು, 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಕಾರಣಗಳು ಹಲವು, ಆದರೆ ಮನೆಗಳೆಲ್ಲ ಟೂರಿಸ್ಟರ ವಸತಿಯಾದದ್ದು ಅವುಗಳಲ್ಲಿ ದೊಡ್ಡದು. ಹಾಗಂತ ಹೋಗಬೇಡಿ ಅಂತ ಹೇಳುವಷ್ಟು ದೊಡ್ಡವನು ನಾನಲ್ಲ. ನಾನೇ ಹೋಗಿ ಬಂದಿದ್ದೇನೆ. ಎಕ್ಸೆಲ್ ಶೀಟಿನ ಬದಲು ಗೆಳೆಯನಿಗೆ ಕಳಿಸಿದ್ದು ಇಷ್ಟು:

1. ಒಂಬತ್ತು ದಿನಕ್ಕೆ ಎರಡು ಊರು, ಹೆಚ್ಚೆಂದರೆ ಮೂರು. ಊರು ಬದಲಿಸುವ ಪ್ರತಿ ಸಲ ಅರ್ಧ ದಿನ ಪ್ಯಾಕಿಂಗ್, ಸ್ಟೇಷನ್ನು, ಲಗೇಜಿನಲ್ಲಿ ಹೋಗುತ್ತೆ.

2. ಷೆಂಗೆನ್ ವೀಸಾ ಒಂದಿದ್ದರೆ ನೀನು ಹೇಳಿದ ದೇಶಗಳಿಗೆಲ್ಲ ಸಾಕು, ಸ್ವಿಟ್ಜರ್‌ಲ್ಯಾಂಡ್ ಸೇರಿ. ಇಂಗ್ಲೆಂಡಿಗೆ ಮಾತ್ರ ಬೇರೆ ವೀಸಾ. ಸ್ವಿಸ್‌ನಲ್ಲಿ ಯೂರೋ ಅಲ್ಲ, ಫ್ರಾಂಕ್.

3. ವಾರದ ರಜೆ ಯಾವತ್ತು ಅಂತ ಮೊದಲೇ ನೋಡಿಕೋ. ಪ್ಯಾರಿಸ್‌ನ ಲೂವ್ರ್ ಮಂಗಳವಾರ ಇಲ್ಲ, ಫ್ಲಾರೆನ್ಸ್‌ನ ಉಫೀಝಿ ಸೋಮವಾರ ಇಲ್ಲ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರ ಮುಚ್ಚಿರುತ್ತೆ.

4. ಆಮ್‌ಸ್ಟರ್‌ಡ್ಯಾಮ್‌ನ ಆನ್ ಫ್ರಾಂಕ್ ಮನೆಗೆ ಬಾಗಿಲಲ್ಲಿ ಟಿಕೆಟ್ ಕೊಡುವುದಿಲ್ಲ, ಅವರ ವೆಬ್‌ಸೈಟಿನಲ್ಲಿ ವಾರಗಳ ಮುಂಚೆಯೇ ತಗೋಬೇಕು. ಮಿಲಾನಿನ ಲಾಸ್ಟ್ ಸಪರ್ ಚಿತ್ರಕ್ಕೂ ಹಾಗೇ, ಅಲ್ಲಿ ಸಿಗುವುದು ಹದಿನೈದೇ ನಿಮಿಷ. ಎರಡಕ್ಕೂ ಹದಿನೈದು ನಿಮಿಷವಾದರೂ ಮೊದಲೇ ಅದರ ಬಗ್ಗೆ ಓದಿಕೊಂಡು ಹೋಗು.

5. ವೆನಿಸ್‌ಗೆ ಹಗಲು ಹೋಗಿ ಸಂಜೆ ಓಡಿ ಬರಬೇಡ. 2024ರ ಏಪ್ರಿಲ್‌ನಿಂದ ಹಾಗೆ ಬಂದು ಹೋಗುವವರಿಗೆ ಕೆಲವು ನಿಗದಿತ ದಿನಗಳಲ್ಲಿ ಪ್ರವೇಶ ಶುಲ್ಕ ಹಾಕಲು ಶುರು ಮಾಡಿದ್ದಾರೆ. ಒಂದು ರಾತ್ರಿ ಉಳಿ. ಬೆಳಿಗ್ಗೆ ಆರಕ್ಕೆ ಎದ್ದು ನಡೆ, ಆಗ ಊರು ಊರಿನವರದ್ದೇ.

6. ಇಟಲಿಯಲ್ಲಿ ಲೋಕಲ್ ರೈಲಿನ ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಮಷೀನಿನಲ್ಲಿ ಮುದ್ರೆ ಒತ್ತಿಸು. ಮರೆತರೆ ದಂಡ.

7. ಪ್ರತಿ ಊರಿನಲ್ಲೂ ಅರ್ಧ ದಿನ ಯಾವ ಲಿಸ್ಟಿನಲ್ಲೂ ಇಲ್ಲದ್ದಕ್ಕೆ ಬಿಡು. ಮಳೆ ಬಂದರೆ ಹತ್ತಿರದ ಬಾಗಿಲು ಯಾವುದು ತೆರೆದಿದೆಯೋ ಅದರೊಳಗೆ ಹೋಗು.

ಮೇಲ್ ನೋಡಿ ಅವನೇ ಫೋನ್ ಮಾಡಿದ. "ಏಳನೇದು ಬಿಟ್ಟು ಮಿಕ್ಕಿದ್ದೆಲ್ಲ ಉಪಯೋಗಕ್ಕೆ ಬರುತ್ತೆ" ಅಂದ. ನಕ್ಕೆ. ಆಮೇಲೆ ಸ್ವಲ್ಪ ತಡೆದು, "ಆ ಲ್ಯೂಬೆಕ್ ಅಂದ್ಯಲ್ಲ, ಅದು ಆಮ್‌ಸ್ಟರ್‌ಡ್ಯಾಮ್‌ನಿಂದ ಎಷ್ಟು ದೂರ?" ಅಂತ ಕೇಳಿದ.

ದೂರವೇ. ಈ ಸಲ ಆಗಲ್ಲ ಬಿಡು ಅಂದೆ. ಫೋನ್ ಇಟ್ಟು ಎಕ್ಸೆಲ್ ಶೀಟು ತೆರೆದು ಕೊನೆಯ ಕಾಲಮ್ಮನ್ನು ಅಳಿಸಿಹಾಕಿದೆ.